ಕತ್ತರಿಯಿಲ್ಲದೆ ಬಿಚ್ಚಿದ ಜಡೆ



ಸದ್ಭಕ್ತರೇ, ವಾಡಿಕೆಯಂತೆ ಒಂದು ವಚನವನ್ನು ಎತ್ತಿಕೊಂಡು ಅದರ ಪದಪದಗಳ ಅರ್ಥವನ್ನು ಬಿಡಿಸುತ್ತ ಹೋಗುವುದು ಇಲ್ಲಿ ನನಗೆ ವಹಿಸಿರುವ ಸೇವೆ. ಈ ಸಲ ವಚನವನ್ನು ಬಿಡಿಸುತ್ತಿಲ್ಲ. ಗಂಟುಗಟ್ಟಿ ಜಟೆಯಾಗಿದ್ದ ಒಬ್ಬ ಹುಡುಗಿಯ ತಲೆಗೂದಲನ್ನು ಬಿಡಿಸಿದ ಸಂಗತಿಯನ್ನು ನಿವೇದಿಸುತ್ತಿದ್ದೇನೆ. ಬಿಡಿಸಿದವನು ನಾನಲ್ಲ. ಆ ಪ್ರಸಂಗದಲ್ಲಿ ನನ್ನ ಪಾಲಿನದು ಒಂದು ತಪ್ಪು ಸಲಹೆ ಮಾತ್ರ. ಅದನ್ನೂ ಮುಚ್ಚಿಡದೆ ಬರೆಯಬೇಕೆಂದು ಪೂಜ್ಯರ ಅಪ್ಪಣೆಯಾಗಿದೆ. ಆ ಮನೆಯವರ ಒಪ್ಪಿಗೆಯೂ ಇದೆ; ಹೆಸರುಗಳನ್ನು ಮಾತ್ರ ಬೇಕೆಂದೇ ಬಿಟ್ಟಿದ್ದೇನೆ.

ಬಂಟ್ವಾಳದ ಬಿ.ಸಿ. ರೋಡಿನ ಆಸುಪಾಸಿನಲ್ಲಿ ಬಾಗಲಕೋಟೆ, ಗದಗ, ಕೊಪ್ಪಳದ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದು ನೆಲೆ ನಿಂತ ಕುಟುಂಬಗಳುಂಟು. ಊರಿನವರು ಅವರನ್ನು ‘ಘಟ್ಟದವರು’ ಎಂದು ಕರೆಯುತ್ತಾರೆ. ಅಂಥ ಒಂದು ಮನೆ ನಮ್ಮ ಮಠಕ್ಕೆ ನಡೆದುಕೊಳ್ಳುವ ಮನೆ. ಮೂಲತಃ ಗುಳೇದಗುಡ್ಡದವರು. ಅಜ್ಜ ಖಣ ನೇಯುತ್ತಿದ್ದವರು. ಕೈಮಗ್ಗದಿಂದ ಹೊಟ್ಟೆ ಹೊರೆಯುವುದು ಆಗದಾದಾಗ ಮಗ ಮತ್ತು ಸೊಸೆ ಕರಾವಳಿಗೆ ಇಳಿದರು. ಅವರ ಮಗಳು ಮೂಡುಬಿದಿರೆಯಲ್ಲಿ ಹಾಸ್ಟೆಲಿನಲ್ಲಿದ್ದು ದ್ವಿತೀಯ ಪಿಯುಸಿ ಓದುತ್ತಿದ್ದಳು. ಹದಿನೇಳು ವರ್ಷ.

2024ರ ಮೇ ತಿಂಗಳಲ್ಲಿ ರಜೆಗೆಂದು ಮನೆಗೆ ಬಂದ ಹುಡುಗಿಗೆ ಟೈಫಾಯಿಡ್ ಜ್ವರ ಬಂದಿತು. ಜ್ವರ ಇಳಿದ ಮೇಲೂ ನಿತ್ರಾಣದಿಂದ ತಿಂಗಳೊಪ್ಪತ್ತು ಹಾಸಿಗೆಯಲ್ಲಿಯೇ ಇದ್ದಳು. ಜ್ವರದಲ್ಲಿ ಕಟ್ಟಿದ ತುರುಬು ಹಾಗೆಯೇ ಉಳಿಯಿತು. ತಾಯಿ ಮುಂಜಾನೆ ಏಳಕ್ಕೆ ಕೆಲಸಕ್ಕೆ ಹೋದರೆ ಬರುವಾಗ ದೀಪ ಹಚ್ಚುವ ಹೊತ್ತು. ಎಣ್ಣೆ ಹಚ್ಚಿ ಬಾಚುವವರಾರು? ಎದ್ದು ಓಡಾಡುವಂತಾದ ದಿನ ಹುಡುಗಿ ತಾನೇ ಬಿಸಿನೀರು ಕಾಯಿಸಿಕೊಂಡು, ಕೈಗೆ ಸಿಕ್ಕ ಸೋಪನ್ನು ಹಚ್ಚಿ, ಕೂದಲನ್ನೆಲ್ಲ ನೆತ್ತಿಯ ಮೇಲೆ ಗುಡ್ಡೆ ಹಾಕಿ ಗಸಗಸನೆ ತಿಕ್ಕಿ ತೊಳೆದಳು. ಒಣಗಿದ ಮೇಲೆ ನೋಡಿದರೆ ಎಡಗಿವಿಯ ಹಿಂದಿನಿಂದ ಹೆಡತಲೆಯವರೆಗೆ ಕೂದಲು ಕಂಬಳಿಯ ತುಂಡಿನಂತೆ ಒಂದೇ ಹಲಗೆಯಾಗಿ ಅಂಟಿಕೊಂಡಿತ್ತು. ಬಾಚಣಿಗೆಯ ಹಲ್ಲು ಮುರಿಯಿತು. ನೋವಿಗೂ ನಾಚಿಕೆಗೂ ಅದನ್ನು ಹಾಗೆಯೇ ಗಂಟು ಕಟ್ಟಿ, ಮೇಲೊಂದು ಶಾಲು ಹೊದ್ದು ಕಾಲೇಜಿಗೆ ಹೋದಳು. ಹೀಗೆಯೇ ದಸರಾ ಕಳೆಯಿತು.

ದಸರೆಯ ಬಳಿಕ ಊರಿನಿಂದ ಅಜ್ಜಿ ಬಂದರು. ರಜೆಯಲ್ಲಿ ಮನೆಗೆ ಬಂದಿದ್ದ ಮೊಮ್ಮಗಳ ಶಾಲು ಸರಿಸಿ ನೋಡಿದವರೇ ಅರಿಸಿನ ಹಚ್ಚಿ ಕೈ ಮುಗಿದರು. ‘ತಾಯಿ ಬಂದಾಳವ್ವಾ’ ಎಂದರು. ಆ ಅಜ್ಜಿಯ ಸೆರಗಿನ ಕೆಳಗೂ ನಲವತ್ತು ವರ್ಷದ ಒಂದು ಜಟೆ ಇದೆ.

ಘಟ್ಟದ ಕೆಳಗಿನ ಓದುಗರಿಗೆ ಇದು ಹೊಸದಾಗಿ ಕಂಡೀತು. ನಮ್ಮ ಉತ್ತರದ ಜಿಲ್ಲೆಗಳಲ್ಲಿ ಹೆಣ್ಣಿನ ಕೂದಲು ತಾನಾಗಿ ಗಂಟುಗಟ್ಟಿದರೆ ಅದನ್ನು ಸವದತ್ತಿ ಗುಡ್ಡದ ಎಲ್ಲಮ್ಮನ ಕರೆ ಎಂದು ತಿಳಿಯುವವರು ಇಂದಿಗೂ ಇದ್ದಾರೆ. ಅದನ್ನು ಬಾಚಬಾರದು, ಕತ್ತರಿಸಬಾರದು, ಭಂಡಾರ ಹಚ್ಚಿ ಪೂಜಿಸಬೇಕು. ಕತ್ತರಿ ಮುಟ್ಟಿಸಿದರೆ ಮನೆಗೆ ಕೇಡು ಎಂಬ ಭಯ. ಒಂದು ಕಾಲದಲ್ಲಿ ಈ ಕರೆಯ ಕೊನೆಯ ಹೆಜ್ಜೆ ಮುತ್ತು ಕಟ್ಟಿಸುವುದಾಗಿತ್ತು. ಕರ್ನಾಟಕದಲ್ಲಿ 1982ರಲ್ಲಿಯೇ ದೇವದಾಸಿ ಸಮರ್ಪಣೆಯನ್ನು ನಿಷೇಧಿಸುವ ಕಾನೂನು ಬಂದಿತು. ಆದರೆ ಕಾನೂನಿಗೆ ಅಂಜಿ ಪದ್ಧತಿಗಳು ಅಡಗಿಕೊಳ್ಳುತ್ತವೆಯೇ ಹೊರತು ಒಮ್ಮೆಲೇ ಅಳಿಯುವುದಿಲ್ಲ. ಅಜ್ಜಿ ಮುತ್ತಿನ ಮಾತನ್ನು ಆಡಲಿಲ್ಲ ಎಂಬುದನ್ನು ನ್ಯಾಯವಾಗಿ ಹೇಳಬೇಕು. ‘ಭರತ ಹುಣ್ಣಿಮಿಗೆ ಗುಡ್ಡಕ್ಕ ಕರಕೊಂಡು ಹೋಗಿ ತಾಯೀನ್ನ ಕೇಳೂಣು’ ಎಂದಷ್ಟೇ ಅಂದರು. ಆದರೆ ಸೊಸೆಗೆ ಎದೆ ಒಡೆಯಿತು. ಹಾಗೆ ಕೇಳಲು ಹೋದ ತನ್ನ ತವರಿನ ಕಡೆಯ ಹೆಣ್ಣೊಬ್ಬಳ ಬಾಳು ಏನಾಯಿತೆಂಬುದನ್ನು ಆಕೆ ಕಣ್ಣಾರೆ ಕಂಡಿದ್ದರು. ಅಂದು ರಾತ್ರಿಯೇ ಮಠಕ್ಕೆ ಫೋನ್ ಮಾಡಿದರು.

ಆ ದಿನಗಳಲ್ಲಿ ನಾನು ತಾಳೆಯೋಲೆಗಳ ಓದು ಮತ್ತು ರಕ್ಷಣೆಯ ಕ್ರಮವನ್ನು ಕಲಿಯಲೆಂದು ಮೂಡುಬಿದಿರೆಯಲ್ಲಿ ತಂಗಿದ್ದೆ. ಧವಲಾ ಗ್ರಂಥಗಳ ಪ್ರಾಚೀನ ಪ್ರತಿಗಳನ್ನು ಕಾಪಾಡಿಕೊಂಡು ಬಂದ ಊರದು. ಓಲೆಯ ಅಕ್ಷರವನ್ನು ಕಲಿಯಬಯಸುವವನು ಯಾವ ಮತದವನಾದರೇನು, ಅಲ್ಲಿಗೆ ಹೋಗಲೇಬೇಕು. ಹತ್ತಿರದಲ್ಲಿರುವವನು ನೀನೇ, ಹೋಗಿ ಬಾ ಎಂದು ಪೂಜ್ಯರು ಹೇಳಿದರು.

ಹೋದೆ. ಅಲ್ಲಿ ನಾನು ಮಾಡಿದ ಉಪನ್ಯಾಸವನ್ನು ಈಗ ನೆನೆದರೆ ಮುಖ ಬಿಸಿಯಾಗುತ್ತದೆ. ಜಡೆ ಬಿಟ್ಟರೇನು, ಮಂಡೆ ಬೋಳಾದರೇನು, ವೇಷದಿಂದ ಶಿವನೊಲಿಯುವುದಿಲ್ಲ ಎಂಬ ಶರಣರ ನಿಲುವನ್ನು ಮುಕ್ಕಾಲು ಗಂಟೆ ವಿವರಿಸಿದೆ. ಹಡಪದ ಅಪ್ಪಣ್ಣನವರನ್ನು ಪ್ರಸ್ತಾಪಿಸಿದೆ; ಉತ್ತರ ಕರ್ನಾಟಕದ ಕ್ಷೌರಿಕ ಬಂಧುಗಳು ಅವರನ್ನು ತಮ್ಮ ಕುಲದ ಹಿರಿಯರೆಂದು ಗೌರವಿಸುವುದನ್ನು ಹೇಳಿ, ಅಂಥ ಕಾಯಕದವರ ಕೈಯಲ್ಲಿ ಕತ್ತರಿಯಾಡಿದರೆ ಕೇಡು ಹೇಗೆ ಬಂದೀತು ಎಂದು ಕೇಳಿದೆ. ವಾದ ಚೆನ್ನಾಗಿಯೇ ಇತ್ತು. ನಾಳೆಯೇ ಕ್ಷೌರಿಕರನ್ನು ಕರೆಸಿ ಬುಡಕ್ಕೆ ಕತ್ತರಿಸಿಬಿಡಿ, ಅಲ್ಲಿಗೆ ಎಲ್ಲ ಮುಗಿಯಿತು ಎಂದು ತೀರ್ಪು ಕೊಟ್ಟೆ. ತಾಯಿ ತಲೆಯಾಡಿಸಿದರು. ಅಜ್ಜಿ ಗೋಡೆಯ ಕಡೆ ಮುಖ ತಿರುಗಿಸಿ ಕುಳಿತರು. ಒಳಕೋಣೆಯ ಬಾಗಿಲ ಮರೆಯಲ್ಲಿ ಶಾಲಿನ ಅಂಚು ಕಾಣುತ್ತಿತ್ತು. ಆ ಕಡೆಗೆ ನಾನು ಒಂದು ಮಾತನ್ನೂ ಆಡಲಿಲ್ಲ.

ಮರುದಿನ ಬೆಳಗಾಗುವ ಮೊದಲೇ ಹುಡುಗಿ ಮೂಡುಬಿದಿರೆಯ ಬಸ್ಸು ಹತ್ತಿದಳು. ಆಮೇಲೆ ಮನೆಯವರ ಫೋನನ್ನೇ ಎತ್ತಲಿಲ್ಲ.

ಎರಡು ವಾರ ಕಳೆದಿರಬೇಕು. ಒಂದು ಭಾನುವಾರ ಸಾವಿರ ಕಂಬದ ಬಸದಿಯ ಜಗತಿಯ ಮೇಲೆ ಕುಳಿತಿದ್ದೆ. ಆ ಬಸದಿಗೆ ತ್ರಿಭುವನತಿಲಕ ಚೂಡಾಮಣಿ ಎಂಬ ಹೆಸರೂ ಉಂಟು; ಚೂಡಾಮಣಿಯೆಂದರೆ ಮುಡಿಯಲ್ಲಿ ಧರಿಸುವ ರತ್ನ. ಅಧ್ಯಾಪಕಿಯೊಬ್ಬರು ನಾಲ್ಕೈದು ವಿದ್ಯಾರ್ಥಿನಿಯರೊಡನೆ ಬಂದರು. ಅವರಲ್ಲಿ ಶಾಲು ಹೊದ್ದವಳು ನನ್ನನ್ನು ಗುರುತಿಸಿ, ಅಧ್ಯಾಪಕಿಯ ಕೈ ಹಿಡಿದುಕೊಂಡೇ ಹತ್ತಿರ ಬಂದಳು. ಅವಳ ಮಾತನ್ನು ಅವಳ ನುಡಿಯಲ್ಲಿಯೇ ಕೊಡುತ್ತೇನೆ: ‘ಅಣ್ಣಾರ, ನನಗ ದೇವೀನೂ ಬ್ಯಾಡ್ರಿ, ಕತ್ತರೀನೂ ಬ್ಯಾಡ್ರಿ. ಕೂದಲಾ ನನ್ನವು ಅದಾವ. ನನಗ ಯಾರೂ ಕೇಳಲೇ ಇಲ್ಲ.’

ಜೈನ ಅಧ್ಯಾಪಕಿ ಸುಮ್ಮನೆ ಒಂದು ಮಾತು ಸೇರಿಸಿದರು. ತಮ್ಮ ಮುನಿಗಳೂ ಆರ್ಯಿಕೆಯರೂ ಕೇಶಲೋಚ ಮಾಡುತ್ತಾರೆ. ತಲೆಗೂದಲನ್ನು ಕೈಯಿಂದಲೇ ಕಿತ್ತು ತೆಗೆಯುವ ವ್ರತವದು. ನೋಡುವವರಿಗೆ ಕಣ್ಣೀರು ಬರುತ್ತದೆ. ಆದರೆ ಅದು ಅವರು ತಾವಾಗಿ ಕೈಗೊಂಡ ದೀಕ್ಷೆ, ಹಿಡಿದು ಮಾಡಿಸಿದರೆ ಅದು ವ್ರತವಲ್ಲ ಎಂದರು. ನಾನು ಉತ್ತರಿಸಲಿಲ್ಲ.

ಅಂದು ರಾತ್ರಿ ನನಗೆ ನೆನಪಾದದ್ದು ಶೂನ್ಯಸಂಪಾದನೆಯಲ್ಲಿ ಅಕ್ಕಮಹಾದೇವಿಯವರು ಕಲ್ಯಾಣಕ್ಕೆ ಬರುವ ಪ್ರಸಂಗ. ಈ ಅಂಕಣದ ಓದುಗರಿಗೆ ಅದು ಚಿರಪರಿಚಿತ. ಸೀರೆಯನ್ನು ತೊರೆದು ಬಂದವರು ಕೂದಲಿನಿಂದ ಮೈಯನ್ನು ಏಕೆ ಮರೆಮಾಡಿಕೊಂಡಿರಿ ಎಂದು ಅಲ್ಲಮಪ್ರಭುಗಳು ಕೆಣಕುತ್ತಾರೆ. ಎಷ್ಟೋ ಬಾರಿ ಆ ಭಾಗವನ್ನು ಪಾಠ ಹೇಳಿದ್ದೇನೆ. ಪ್ರಶ್ನೆಯ ತೀಕ್ಷ್ಣತೆ, ಉತ್ತರದ ಸೌಂದರ್ಯ ಎಂದೆಲ್ಲ ಟಿಪ್ಪಣಿ ಬರೆದಿದ್ದೇನೆ. ಆದರೆ ಅಲ್ಲಿ ನಡೆದದ್ದು ಮೊದಲಿಗೆ ಒಂದು ಪ್ರಶ್ನೆ ಎಂಬುದು ಅಂದೇ ನನಗೆ ಹೊಳೆದದ್ದು. ಅನುಭವಮಂಟಪದ ಶೂನ್ಯಪೀಠದಲ್ಲಿ ಕುಳಿತವರು ಕೂದಲಿನ ವಿಷಯವನ್ನು ಕೂದಲಿನ ಒಡತಿಯನ್ನೇ ಕೇಳಿದರು, ಉತ್ತರಕ್ಕೆ ಕಾದರು. ನಾನು ಕೇಳಿರಲಿಲ್ಲ. ಶರಣರು ವೇಷವನ್ನು ಟೀಕಿಸಿದ್ದನ್ನು ಕತ್ತರಿಯಂತೆ ಹಿಡಿದುಕೊಂಡು ಹೋಗಿದ್ದೆ. ಅಜ್ಜಿ ದೇವಿಯ ಹೆಸರಿನಲ್ಲಿ ಮಾಡಹೊರಟದ್ದಕ್ಕೂ ನಾನು ಶರಣರ ಹೆಸರಿನಲ್ಲಿ ಮಾಡಹೊರಟದ್ದಕ್ಕೂ ಆ ಹುಡುಗಿಯ ಪಾಲಿಗೆ ಏನು ವ್ಯತ್ಯಾಸವಿತ್ತು?

ಪ್ರಾಮಾಣಿಕವಾಗಿ ಹೇಳುವುದಾದರೆ, ಜಟೆಯನ್ನು ಕತ್ತರಿಸದೆ ಬಿಡಿಸಬಹುದೆಂಬ ಸಂಗತಿಯೇ ನನಗೆ ತಿಳಿದಿರಲಿಲ್ಲ. ಇದುವರೆಗೆ ನಾನು ಓದಿದ್ದೆಲ್ಲ ಕತ್ತರಿಸಿದ ಕಥೆಗಳು. ಮಹಾರಾಷ್ಟ್ರದಲ್ಲಿ ಡಾ. ನರೇಂದ್ರ ದಾಭೋಲ್ಕರ್ ಅವರು ಕಟ್ಟಿದ ಅಂಧಶ್ರದ್ಧಾ ನಿರ್ಮೂಲನ ಸಮಿತಿಯ ಕಾರ್ಯಕರ್ತರು, ಅದರಲ್ಲಿಯೂ ಪುಣೆಯ ನಂದಿನಿ ಜಾಧವ ಅವರು, ಅನೇಕ ಮಹಿಳೆಯರ ಮನವೊಲಿಸಿ ಜಟೆಯನ್ನು ಕತ್ತರಿಸಿ ಬಿಡುಗಡೆ ಮಾಡಿದ್ದಾರೆ. 2013ರಲ್ಲಿ ದಾಭೋಲ್ಕರರ ಹತ್ಯೆಯಾದ ಮೇಲೂ ಆ ಕೆಲಸ ನಿಂತಿಲ್ಲ. ಹತ್ತಾರು ವರ್ಷದ ಜಟೆಯ ಭಾರಕ್ಕೆ ಕತ್ತು ಸೋತು, ಮಗ್ಗುಲಾಗಿ ಮಲಗಲಾರದೆ ಬಳಲಿದವರಿಗೆ ಕತ್ತರಿಯೇ ಸರಿಯಾದ ಮದ್ದು. ಅದನ್ನು ಹಗುರವಾಗಿ ನಾನು ಕಾಣುತ್ತಿಲ್ಲ. ಆದರೆ ಅವರು ಮನವೊಲಿಸಿ ಕತ್ತರಿಸುತ್ತಾರೆ ಎಂಬ ಅರ್ಧವನ್ನು ನಾನು ಮರೆತಿದ್ದೆ.

ಈ ಭಯ ನಮ್ಮ ನಾಡಿನದು ಮಾತ್ರವೂ ಅಲ್ಲ. ಯುರೋಪಿನ ಪೋಲೆಂಡಿನಲ್ಲಿ ಇಂಥ ಗಂಟುಗೂದಲನ್ನು ಕತ್ತರಿಸಿದರೆ ರೋಗವು ಒಳಗೆ ಸೇರಿ ಕಾಡುತ್ತದೆಂದು ನಂಬಿ ಜನ ತಲೆಮಾರುಗಳ ಕಾಲ ಹೊತ್ತು ತಿರುಗಿದರು. ವೈದ್ಯಗ್ರಂಥಗಳಲ್ಲಿ ಇದಕ್ಕೆ ಇಂದಿಗೂ ‘ಪ್ಲೈಕಾ ಪೊಲೊನಿಕಾ’ ಎಂಬ ಹೆಸರೇ ಉಳಿದಿದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಕ್ರಾಕೋವ್ ನಗರದ ವೈದ್ಯ ಯೂಜೆಫ್ ದೀಟ್ಲ್ ಎಂಬವರು, ಇದು ರೋಗವೂ ಅಲ್ಲ, ಮಾಟವೂ ಅಲ್ಲ, ತೊಳೆದು ಬಾಚದೆ ಬಿಟ್ಟದ್ದರ ಫಲ ಎಂದು ಸಾರಿ ಹೋರಾಡಿದರು.

ಬಿಡಿಸುವ ವಿದ್ಯೆ ಸಿಕ್ಕಿದ್ದು ಮತ್ತೊಂದು ದಿಕ್ಕಿನಿಂದ. ಆಫ್ರಿಕಾ ಮೂಲದ ಅಮೆರಿಕದ ಮಹಿಳೆಯರಲ್ಲಿ ಅನೇಕರು ಗುಂಗುರು ಕೂದಲನ್ನು ತಾವಾಗಿಯೇ ಜಟೆ ಕಟ್ಟಿ, ಹೆಮ್ಮೆಯಿಂದ ಬೆಳೆಸುತ್ತಾರೆ. ಜಮೈಕಾದ ರಾಸ್ತಫಾರಿ ಪಂಥದವರಿಗಂತೂ ಅದು ವ್ರತ. ವರ್ಷಗಳಾದ ಮೇಲೆ ಬೇಡವೆನಿಸಿದಾಗ ಎಲ್ಲರೂ ಬೋಳಿಸುವುದಿಲ್ಲ. ಬುಡದ ಕೂದಲನ್ನು ಉಳಿಸಿಕೊಂಡು ಒಂದೊಂದೇ ಎಳೆಯನ್ನು ಬಿಡಿಸಿಕೊಳ್ಳುವವರಿದ್ದಾರೆ. ಅಧ್ಯಾಪಕಿಯೇ ಅದರ ವಿಡಿಯೊಗಳನ್ನು ಹುಡುಕಿ ಹುಡುಗಿಗೆ ತೋರಿಸಿದರು. ಅವಳು ನೋಡಿ ಕೇಳಿದ ಮೊದಲ ಪ್ರಶ್ನೆ, ‘ಎಷ್ಟ ದಿನಾ ಬೇಕಾಗ್ತದ್ರಿ?’

ಬೆಳ್ತಂಗಡಿಯಲ್ಲಿ ಒಬ್ಬ ಚರ್ಮವೈದ್ಯೆಯ ಬಳಿಗೆ ತಾಯಿ ಮಗಳು ಹೋದರು. ವೈದ್ಯೆ ಮೊದಲು ನೋಡಿದ್ದು ಹೇನು, ಹುಣ್ಣು, ಕೀವು ಇವೆಯೇ ಎಂದು. ಇದ್ದಿದ್ದರೆ ಕತ್ತರಿಸುವುದೇ ಕ್ಷೇಮ ಎನ್ನುತ್ತಿದ್ದರಂತೆ. ಇರಲಿಲ್ಲ. ಆರೇಳು ತಿಂಗಳದ್ದು, ತಾಳ್ಮೆಯಿದ್ದರೆ ಬಿಡಿಸಬಹುದು ಎಂದರು. ಕೂದಲಿನ ಮೈಮೇಲೆ ಸೂಕ್ಷ್ಮವಾದ ಹುರುಪೆಗಳಿರುತ್ತವೆ, ಮಾಡಿಗೆ ಹೊದಿಸಿದ ಮಂಗಳೂರು ಹಂಚಿನ ಹಾಗೆ, ಬುಡದಿಂದ ತುದಿಯ ಕಡೆಗೆ ಒಂದರ ಮೇಲೊಂದು. ತುದಿಯಿಂದ ಬುಡದ ಕಡೆಗೆ ತಿಕ್ಕಿದರೆ ಹಂಚು ಎದ್ದು ನಿಂತು ಒಂದಕ್ಕೊಂದು ಕೊಕ್ಕೆಯಾಗುತ್ತದೆ. ಉಣ್ಣೆಯನ್ನು ಒದ್ದೆ ಮಾಡಿ ತುಳಿದು ಗಟ್ಟಿ ಮಾಡುವುದೂ ಇದೇ ನಿಯಮದಿಂದ. ಇನ್ನೊಂದು ಕಾರಣ, ಟೈಫಾಯಿಡಿನಂಥ ಜ್ವರ ಬಂದು ಹೋದ ಎರಡು ಮೂರು ತಿಂಗಳಿಗೆ ಕೂದಲು ವಿಪರೀತ ಉದುರುತ್ತದೆ. ಬಾಚಿದ್ದರೆ ಅದು ನೆಲಕ್ಕೆ ಬೀಳುತ್ತಿತ್ತು. ಇಲ್ಲಿ ಬೀಳಲು ದಾರಿಯಿಲ್ಲದೆ ಒಳಗೇ ಸಿಕ್ಕಿಕೊಂಡು ಗಂಟನ್ನು ಇನ್ನಷ್ಟು ಬಿಗಿ ಮಾಡಿತ್ತು.

ಇಷ್ಟೆಲ್ಲ ತಿಳಿದ ಮೇಲೂ ಕೆಲಸ ಮಾಡುವವರು ಬೇಕಲ್ಲ. ಬಿ.ಸಿ. ರೋಡಿನ ಬಾಡಿಗೆ ಮನೆ ಒಂದೇ ಕೋಣೆಯದು. ಹುಡುಗಿಯ ಚಿಕ್ಕಮ್ಮ ಬೆಳ್ತಂಗಡಿಯ ಹತ್ತಿರ ಒಂದು ಅಡಿಕೆ ತೋಟದಲ್ಲಿ ಗಂಡನೊಡನೆ ಕೆಲಸಕ್ಕಿದ್ದರು. ಡಿಸೆಂಬರಿನ ರಜೆಯಲ್ಲಿ ಎಲ್ಲರೂ ಅಲ್ಲಿಗೆ ಸೇರಿದರು, ಅಜ್ಜಿಯೂ. ಪಕ್ಕದ ಮನೆಯಲ್ಲಿ ಬೀಡಿ ಕಟ್ಟುವ ಒಬ್ಬ ಅಕ್ಕ ಇದ್ದರು, ತುಳು ಮಾತೃಭಾಷೆಯವರು. ಮೂವತ್ತು ವರ್ಷ ದಿನಕ್ಕೆ ನೂರಾರು ಬೀಡಿಗಳಿಗೆ ನೂಲು ಸುತ್ತಿದ ಬೆರಳುಗಳು ಅವರವು. ಸಂಗತಿ ಕೇಳಿ, ತಂಬಾಕಿನ ವಾಸನೆ ಹೋಗುವಂತೆ ಕೈಯನ್ನು ಎರಡೆರಡು ಸಲ ಸೋಪಿನಲ್ಲಿ ತೊಳೆದುಕೊಂಡು ತಾವಾಗಿಯೇ ಬಂದು ಕುಳಿತರು. ಬೀಡಿಯ ಲೆಕ್ಕ ತಪ್ಪಿದರೆ ಆ ವಾರದ ಮಜೂರಿ ಕಡಿಮೆಯಾಗುತ್ತದೆ. ಆ ಮಾತನ್ನು ಅವರು ಒಮ್ಮೆಯೂ ಎತ್ತಲಿಲ್ಲ.

ಕ್ರಮವನ್ನು ಸ್ವಲ್ಪ ವಿವರವಾಗಿ ಬರೆಯುತ್ತೇನೆ, ಯಾರ ಮನೆಯಲ್ಲಾದರೂ ಪ್ರಯೋಜನವಾದೀತು. ಮೊದಲಿಗೆ ನೀರು ಮುಟ್ಟಿಸಲಿಲ್ಲ. ಒದ್ದೆಯಾಗಿ ತಿಕ್ಕಿದರೆ ಗಂಟು ಬಿಗಿಯುತ್ತದೆ. ಉಗುರು ಬೆಚ್ಚಗಿನ ತೆಂಗಿನೆಣ್ಣೆಯನ್ನು ಧಾರಾಳವಾಗಿ ಹಿಂಡಿ, ಹಳೆಯ ಬಟ್ಟೆ ಸುತ್ತಿ ರಾತ್ರಿಯಿಡೀ ಬಿಟ್ಟರು. ಬೆಳಿಗ್ಗೆ ಆ ಹಲಗೆಯನ್ನು ಬೆರಳುಗಳಿಂದಲೇ ಉದ್ದಕ್ಕೆ ಸೀಳಿ ಕಿರುಬೆರಳಿನಷ್ಟು ದಪ್ಪದ ಎಳೆಗಳನ್ನಾಗಿ ಮಾಡಿದರು. ಅಡ್ಡಕ್ಕೆ ಎಳೆದರೆ ಕೂದಲು ತುಂಡಾಗುತ್ತದೆ, ಉದ್ದಕ್ಕೆ ಸೀಳಿದರೆ ದಾರಿ ಬಿಡುತ್ತದೆ. ಬಳಿಕ ಒಂದೊಂದು ಎಳೆಯ ಬುಡವನ್ನು ಎಡಗೈಯಲ್ಲಿ ಬಿಗಿಯಾಗಿ ಹಿಡಿದು, ಸೆಳೆತ ನೆತ್ತಿಗೆ ತಟ್ಟದಂತೆ ನೋಡಿಕೊಂಡು, ತುದಿಯಿಂದ ಕೆಲಸ ಮೊದಲು. ಮೊಂಡು ಮೂತಿಯ ಹೆಣಿಗೆ ಸೂಜಿಯಿಂದ ಒಂದೊಂದೇ ಕುಣಿಕೆಯನ್ನು ಸಡಿಲಿಸಿ, ಬೆರಳಿನಿಂದ ಬಿಡಿಸಿ, ಕೊನೆಗೆ ದೂರ ಹಲ್ಲಿನ ಬಾಚಣಿಗೆ. ಅರ್ಧ ಇಂಚು ಬಿಟ್ಟ ಮೇಲೆ ಮತ್ತೆ ಅರ್ಧ ಇಂಚು ಮೇಲಕ್ಕೆ. ಎಣ್ಣೆ ಎಳೆದುಕೊಂಡ ಕಡೆ ಕಂಡೀಷನರ್ ಹಚ್ಚಿದರು. ಬಿಟ್ಟ ಎಳೆಯನ್ನು ಕೂಡಲೇ ಸಡಿಲವಾಗಿ ಹೆಣೆದಿಟ್ಟರು. ಇಲ್ಲವಾದರೆ ಪಕ್ಕದ ಗಂಟಿಗೆ ಮತ್ತೆ ಸಿಕ್ಕಿಕೊಳ್ಳುತ್ತದೆ.

ಮೊದಲ ದಿನ ಎಂಟು ಗಂಟೆ ಕುಳಿತು ಬಿಟ್ಟದ್ದು ಎರಡೇ ಎಳೆ. ನಾನು ಹೊರಗೆ ಜಗಲಿಯಲ್ಲಿದ್ದೆ. ಅಂಗಡಿಗೆ ಹೋಗಿ ಎಣ್ಣೆ ತರುವುದಷ್ಟೇ ನನ್ನ ಕಾಯಕ. ಒಳಗಿನಿಂದ ಬೀಡಿಯ ಅಕ್ಕನ ದನಿ ಆಗಾಗ ಕೇಳುತ್ತಿತ್ತು, ‘ಬೇನೆ ಆಗ್ತದಾ ಮಗಾ? ಹೇಳು, ನಿಲ್ಲಿಸುವಾ.’ ಆ ನಾಲ್ಕು ದಿನಗಳಲ್ಲಿ ಆ ಹುಡುಗಿಯನ್ನು ಎಷ್ಟು ಸಲ ಕೇಳಿದರೋ!

ಸಂಜೆಗೆ ಹುಡುಗಿ ಅಳಲಾರಂಭಿಸಿದಳು. ನೋವಿಗಲ್ಲ. ಬಾಚಣಿಗೆಗೆ ಬಂದ ಕೂದಲಿನ ರಾಶಿ ಮಡಿಲು ತುಂಬಿತ್ತು. ನಾನು ಪೂರ್ತಿ ಬೋಳಾಗುತ್ತಿದ್ದೇನೆ ಎಂದು ಹೆದರಿದಳು. ವೈದ್ಯೆ ಹೇಳಿ ಕಳಿಸಿದ್ದ ಲೆಕ್ಕ ಅಲ್ಲಿ ಕೈಹಿಡಿಯಿತು. ಆರೋಗ್ಯವಂತರಿಗೂ ದಿನಕ್ಕೆ 50ರಿಂದ 100 ಕೂದಲು ಉದುರುವುದು ಸಹಜ. ಏಳು ತಿಂಗಳಿಗೆ ಇಡೀ ತಲೆಯದು ಹತ್ತು ಸಾವಿರದಿಂದ ಇಪ್ಪತ್ತು ಸಾವಿರ. ಜಟೆಗಟ್ಟಿದ ಭಾಗ ತಲೆಯ ಮೂರರಲ್ಲೊಂದು ಎಂದರೂ ಮೂರೂವರೆಯಿಂದ ಏಳು ಸಾವಿರ ಕೂದಲು ಎಂದೋ ಬುಡದಿಂದ ಕಳಚಿ ಒಳಗೆ ಉಳಿದಿದ್ದವು. ಜ್ವರದ ನಂತರ ಉದುರಿದ್ದು ಬೇರೆ. ಮಡಿಲಲ್ಲಿದ್ದದ್ದು ಅದು. ಬಾಗಿಲಾಚೆಯಿಂದಲೇ ಈ ಲೆಕ್ಕವನ್ನು ಒಪ್ಪಿಸಿದೆ. ಬುಡದಲ್ಲಿ ಬೆರಳಿಟ್ಟು ನೋಡಿದ ಚಿಕ್ಕಮ್ಮ, ‘ಇಲ್ನೋಡು, ಹೊಸಾ ಕೂದಲಾ ಮೊಳತಾವ’ ಎಂದರು. ಅಳು ನಿಂತಿತು.

ಎರಡನೆಯ ದಿನ ಮಧ್ಯಾಹ್ನದವರೆಗೆ ಅಜ್ಜಿ ಅಂಗಳದಲ್ಲಿ ದೂರ ಕುಳಿತೇ ಇದ್ದರು. ನಾನು ಅವರ ಬಳಿಗೆ ಹೋಗಿ ಕುಳಿತೆ. ವಾದ ಮಾಡುವ ಧೈರ್ಯ ಉಳಿದಿರಲಿಲ್ಲ. ಏನಾದರೂ ಮಾತಾಡಬೇಕೆಂದು ಮಗ್ಗದ ವಿಷಯ ಕೇಳಿದೆ. ಗಂಡ ನೇಯುವಾಗ ಕಂಡಿಕಿ ಸುತ್ತುತ್ತಿದ್ದವರು ಅವರೇ. ರೇಷ್ಮೆಯ ಲಡಿ ಸಿಕ್ಕಾದರೆ ಬಿಡಿಸುತ್ತಿದ್ದವರೂ ಅವರೇ. ಸಿಕ್ಕಾದರೆ ಏನು ಮಾಡುತ್ತಿದ್ದಿರಿ ಅಜ್ಜಿ, ಕತ್ತರಿಸುತ್ತಿದ್ದಿರಾ ಎಂದೆ. ನನ್ನನ್ನು ಮೇಲಿಂದ ಕೆಳಗೆ ನೋಡಿದರು. ‘ನೂಲು ಸಿಕ್ಕಾದ್ರ ಯಾರರ ಹರೀತಾರೇನಪಾ? ತುದಿ ಹುಡುಕಬೇಕು.’

ಸ್ವಲ್ಪ ಹೊತ್ತು ಸುಮ್ಮನಿದ್ದು ಎದ್ದು ಒಳಗೆ ಹೋದರು. ಬೀಡಿಯ ಅಕ್ಕನ ಕೈಯಿಂದ ಸೂಜಿ ಇಸಿದುಕೊಂಡು, ಹೀಗಲ್ಲ ಹೀಗೆ ಎಂದು ತೋರಿಸಿದರಂತೆ. ಗಂಟಿನ ನಡುವೆ ಚುಚ್ಚಬಾರದು, ಹೊರಗಿನ ಸುತ್ತನ್ನು ಒಳಕ್ಕೆ ನೂಕಬೇಕು, ಆಗ ಅದೇ ಸಡಿಲಾಗುತ್ತದೆ. ತುಳು ಬಲ್ಲವರಿಗೂ ಗುಳೇದಗುಡ್ಡದವರಿಗೂ ಮಾತು ಅಷ್ಟಕ್ಕಷ್ಟೆ; ಕೈಗಳಿಗೆ ಆ ತೊಡಕಿರಲಿಲ್ಲ. ಒಳಗಿನಿಂದ ‘ಉಧೋ ಉಧೋ’ ಎಂಬ ಸಣ್ಣ ಗುಣುಗು ಕೇಳಿಸಿತು. ದೇವಿಯ ಜಟೆಯೆಂದು ಪೂಜಿಸಿದವರು ದೇವಿಯ ಹೆಸರು ಹೇಳುತ್ತಲೇ ಅದನ್ನು ಬಿಡಿಸುತ್ತಿದ್ದರು. ಮೊದಲು ನಂಬಿಕೆಯನ್ನು ಕಿತ್ತರೆ ಮಾತ್ರ ಗಂಟು ಬಿಟ್ಟೀತು ಎಂದುಕೊಂಡಿದ್ದವನು ನಾನು.

ಜೇಡರ ದಾಸಿಮಯ್ಯನವರು ನೇಯ್ಗೆಯ ಕಾಯಕದವರು ಎಂದು ಪ್ರತಿ ಉಪನ್ಯಾಸದಲ್ಲಿ ಹೇಳುತ್ತೇವೆ. ಹೆಣ್ಣು ಗಂಡೆಂಬ ಭೇದವು ಮೈಯ ಗುರುತುಗಳಲ್ಲಿದೆಯೇ ಹೊರತು ಆತ್ಮದಲ್ಲಿಲ್ಲ ಎಂಬ ಅವರ ನುಡಿಯನ್ನು ನಾನೂ ನೂರು ಬಾರಿ ವ್ಯಾಖ್ಯಾನಿಸಿದ್ದೇನೆ. ಸಿಕ್ಕಾದ ಲಡಿಯ ಮುಂದೆ ಅವರ ಕೈ ಹೇಗೆ ನಡೆದುಕೊಳ್ಳುತ್ತಿತ್ತೆಂದು ಮಾತ್ರ ಯೋಚಿಸಿರಲಿಲ್ಲ. ನಾಚಿಕೆಯ ಮಾತೆಂದರೆ, ಅದೇ ತಿಂಗಳು ಮೂಡುಬಿದಿರೆಯಲ್ಲಿ ನಾನೇ ಅಂಟಿಕೊಂಡ ತಾಳೆಯೋಲೆಗಳಿಗೆ ಸಿಟ್ರೊನೆಲ್ಲಾ ಎಣ್ಣೆ ಸವರಿ, ಒಂದೊಂದೇ ಗರಿಯನ್ನು ಉಸಿರು ಬಿಗಿಹಿಡಿದು ಬಿಡಿಸುವುದನ್ನು ಕಲಿಯುತ್ತಿದ್ದೆ. ಓಲೆಯ ಬಗ್ಗೆ ಇದ್ದ ಆ ಎಚ್ಚರ ಮನುಷ್ಯರ ತಲೆಯ ಬಗ್ಗೆ ಬರಲಿಲ್ಲ.

ಭಾಷೆಯ ವಿದ್ಯಾರ್ಥಿಯಾದ್ದರಿಂದ ಇಲ್ಲೊಂದು ಮಾತು. ಸಂಸ್ಕೃತದ ಜಟಾ ಎಂಬುದೇ ಕನ್ನಡದಲ್ಲಿ ಜಡೆಯಾಯಿತು. ಮದುಮಗಳ ಮೊಗ್ಗಿನ ಜಡೆಯೂ ಅದೇ ಮಾತು, ಅಜ್ಜಿಯ ಸೆರಗಿನ ಕೆಳಗಿನದೂ ಅದೇ ಮಾತು. ಹೆಣೆದವರ ಕೈಯಿದ್ದರೆ ಒಂದು, ಇಲ್ಲದಿದ್ದರೆ ಇನ್ನೊಂದು. ತೊಡಕಾದ ಎಲ್ಲಕ್ಕೂ ನಾವು ‘ಜಟಿಲ’ ಎನ್ನುತ್ತೇವೆ. ಜಟೆಯುಳ್ಳದ್ದು ಎಂದೇ ಅದರ ಮೂಲಾರ್ಥ.

ನಾಲ್ಕನೆಯ ದಿನ ಸಂಜೆ ಕೆಲಸ ಮುಗಿಯಿತು. ಪೂರ್ತಿಯಾಗಿ ಅಲ್ಲ. ಹೆಡತಲೆಯ ಹತ್ತಿರ ಎರಡು ಬೆರಳಿನಷ್ಟು ಗಂಟು ಯಾರ ಕೈಗೂ ಬಗ್ಗಲಿಲ್ಲ. ಕಲ್ಲಿನಂತಾಗಿತ್ತು. ಏನು ಮಾಡೋಣ ಮಗಾ ಎಂದು ಅಕ್ಕ ಕೇಳಿದರು. ಹುಡುಗಿ ಬೀಡಿ ಎಲೆಯ ಕತ್ತರಿಯನ್ನು ಕೇಳಿ ತೆಗೆದುಕೊಂಡು, ಕನ್ನಡಿಯ ಮುಂದೆ ನಿಂತು, ಆ ಗಂಟನ್ನು ಬುಡದಿಂದ ನಾಲ್ಕು ಬೆರಳು ಬಿಟ್ಟು ತಾನೇ ಕತ್ತರಿಸಿದಳು. ಅಜ್ಜಿ ನೋಡುತ್ತಿದ್ದರು, ತಡೆಯಲಿಲ್ಲ. ಅಲ್ಲಿಯವರೆಗೆ ಯಾವ ಕತ್ತರಿಗೆ ಅವಳು ಹೆದರಿ ಬಸ್ಸು ಹತ್ತಿದ್ದಳೋ ಅದೇ ಕತ್ತರಿ! ಉಳಿದ ಕೂದಲು ಮೊದಲಿನ ಅರ್ಧಕ್ಕಿಂತ ತುಸು ಹೆಚ್ಚು, ತುದಿಯಲ್ಲಿ ಒರಟು, ಆದರೆ ಹೆಗಲು ದಾಟಿ ಇಳಿದಿತ್ತು. ತಾಯಿ ಎರಡು ಜಡೆ ಹಾಕಿದರು. ಎಡದ್ದು ಸಣ್ಣದು, ಬಲದ್ದು ದಪ್ಪ.

ಬಿಡಿಸಿದ ಕೂದಲಿನ ಉಂಡೆಯನ್ನು ಏನು ಮಾಡುವುದೆಂಬ ಪ್ರಶ್ನೆ ಬಂದಿತು. ತೋಟದ ಗೊಬ್ಬರದ ಗುಂಡಿಗೆ ಹಾಕಿರೆಂದು ಹೇಳುವ ಮನಸ್ಸು ನನಗಿತ್ತು, ನಾಲಿಗೆಯ ತುದಿಯವರೆಗೂ ಬಂದಿತ್ತು. ಆ ಮನೆಯಲ್ಲಿ ಸುಮ್ಮನಿರುವುದನ್ನು ಅಷ್ಟರಲ್ಲಿ ಕಲಿತಿದ್ದೆ. ಅಜ್ಜಿ ಅದನ್ನು ಒಂದು ಹಳೆಯ ಖಣದ ತುಂಡಿನಲ್ಲಿ ಕಟ್ಟಿ, ಅರಿಸಿನ ಹಚ್ಚಿ, ತಮ್ಮ ಚೀಲದಲ್ಲಿ ಇಟ್ಟುಕೊಂಡರು. 2025ರ ಫೆಬ್ರವರಿಯಲ್ಲಿ ಭರತ ಹುಣ್ಣಿಮೆಗೆ ಗುಡ್ಡಕ್ಕೆ ಹೋಗಿ ಅದನ್ನು ತಾಯಿಗೆ ಒಪ್ಪಿಸಿ ಬಂದರಂತೆ. ಮೊಮ್ಮಗಳು ಹೋಗಲಿಲ್ಲ, ಪರೀಕ್ಷೆ ಹತ್ತಿರವಿತ್ತು. ಕರೆದುಕೊಂಡು ಹೋಗಲೇಬೇಕೆಂದು ಹಟ ಹಿಡಿಯುವ ಪ್ರಸಂಗ ಬಂದಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಲು ಅಧ್ಯಾಪಕಿ ಸಿದ್ಧರಾಗಿದ್ದರು. ಅಂಥ ಸಂದರ್ಭವಿರುವ ಮನೆಗಳವರು ಆ ಸಂಖ್ಯೆಯನ್ನು ಗುರುತು ಹಾಕಿಕೊಳ್ಳಬೇಕೆಂದು ವಿನಂತಿ.

ಪರೀಕ್ಷೆ ಮುಗಿದ ಮೇಲೆ ಅಜ್ಜಿ ಒಮ್ಮೆ ಊರಿನಿಂದ ನನಗೇ ಫೋನ್ ಮಾಡಿದರು. ಮೊಮ್ಮಗಳ ಸುದ್ದಿ, ಮಳೆಯ ಸುದ್ದಿ, ಪೂಜ್ಯರ ಆರೋಗ್ಯ ಎಲ್ಲ ಆಯಿತು. ಕೊನೆಗೆ, ಯಾರದೋ ಮಾತೆಂಬಂತೆ ಕೇಳಿದರು: ‘ನಲವತ್ತ ವರ್ಷದ್ದಾದ್ರ ಎಷ್ಟ ದಿನಾ ಹಿಡೀತದಪಾ?’

ವೈದ್ಯೆಯನ್ನು ವಿಚಾರಿಸಿ ಮರುದಿನ ಉತ್ತರ ಹೇಳಿದೆ. ಅಷ್ಟು ಹಳೆಯದರ ಒಡಲು ಪೂರ್ತಿ ಗಟ್ಟಿಯಾಗಿರುತ್ತದೆ, ಎಷ್ಟು ಎಣ್ಣೆ ಹಾಕಿದರೂ ಬಾಚಣಿಗೆ ಇಳಿಯುವುದಿಲ್ಲ. ಬುಡದಲ್ಲಿ ಹೊಸದಾಗಿ ಬೆಳೆದ ಎರಡು ಮೂರು ಬೆರಳಿನಷ್ಟು ಸಡಿಲವಾಗಿದ್ದರೆ ಅದನ್ನು ಉಳಿಸಿಕೊಂಡು ಕೆಳಗಿನದನ್ನು ಕತ್ತರಿಸಬೇಕಾಗುತ್ತದೆ. ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರಿನಂತೆ ಮತ್ತೆ ಬೆಳೆಯುತ್ತದೆ. ಇಷ್ಟನ್ನು ಹೇಳಿ, ನಿಮ್ಮ ಮನಸ್ಸು ಹೇಗಿದೆ ಅಜ್ಜಿ ಎಂದು ಕೇಳಿದೆ.

ಆ ಕಡೆ ಬಹಳ ಹೊತ್ತು ಮಾತಿಲ್ಲ. ಹಿನ್ನೆಲೆಯಲ್ಲಿ ಯಾರದೋ ಮನೆಯ ಮಗ್ಗದ ಸದ್ದು ಕೇಳುತ್ತಿತ್ತು. ‘ಮಳಿಗಾಲ ಮುಗೀಲಿ, ನೋಡೂಣು’ ಎಂದು ಇಟ್ಟುಬಿಟ್ಟರು. ಬೀಡಿಯ ಅಕ್ಕನಿಗೆ ತಿಳಿಸಿದ್ದೇನೆ. ಯಾವಾಗ ಬಂದರೂ ಸರಿ, ಎರಡು ದಿನ ಮೊದಲು ಹೇಳಿ, ಬೀಡಿಯ ಲೆಕ್ಕ ಮುಗಿಸಿಟ್ಟುಕೊಳ್ಳುತ್ತೇನೆ ಎಂದಿದ್ದಾರೆ.